ನಿಂಬೆ ತೋಟದ ರೈಲು ಡಬ್ಬಿ

ಝಳಕಿಯ ಧರ್ಮರಾಜನ ನಿಂಬೆ ತೋಟದಲ್ಲಿ ಒಂದು ರೈಲು ಡಬ್ಬಿ ನಿಂತಿದೆ. ಮೀಟರ್ ಗೇಜ್ ಕಾಲದ್ದು, ಸಾಗವಾನಿ ಕಟ್ಟಿಗೆಯದು. ಎಷ್ಟೋ ವರ್ಷ ಜಾಲಿಕಂಟಿಯಲ್ಲಿ ಬಿದ್ದಿದ್ದ ಅದನ್ನು ಹರಾಜಿನಲ್ಲಿ ತಂದು, ತುಕ್ಕು ಉಜ್ಜಿಸಿ, ಹಸಿರು ಬಣ್ಣ ಬಳಿಸಿ, ಮಂಚ, ಫ್ಯಾನು ಹಾಕಿಸಿ, ರಜೆ ಕಳೆಯಲು ಬರುವವರಿಗೆ ಬಾಡಿಗೆಗೆ ಕೊಡುತ್ತಾನೆ. ಅದನ್ನು ಗುಡಿಸಿ, ಬಂದವರಿಗೆ ರೊಟ್ಟಿ ಬಡಿಯುವವಳು ಶೇವಂತೆವ್ವ. ಅರವತ್ತು ಸಮೀಪಿಸಿದೆ.

ಎಂಟು ವರ್ಷದವಳಿದ್ದಾಗ ಅವಳ ಮನೆ ಇದೇ ಡಬ್ಬಿಯಾಗಿತ್ತು. ಅಪ್ಪ ಸೋಮನಿಂಗ, ಅವ್ವ ಇಬ್ಬರೂ ಹಳಿ ರಿಪೇರಿಯ ಗ್ಯಾಂಗಿನಲ್ಲಿ ದುಡಿಯುತ್ತಿದ್ದರು. ಕೆಲಸ ಇದ್ದಲ್ಲಿ ಡಬ್ಬಿ ನಿಲ್ಲುತ್ತಿತ್ತು, ಡಬ್ಬಿ ನಿಂತಲ್ಲಿ ಸಂಸಾರ. ಅಪ್ಪ ಹಳಿಯ ಮೊಳೆಯೊಂದನ್ನು ಬಗ್ಗಿಸಿ ಛಾವಣಿಗೆ ಬಡಿದಿದ್ದ ಕೊಂಡಿ ಈಗಲೂ ಹಾಗೇ ಇದೆ. ಅದರಿಂದಲೇ ಅವಳಿಗೆ ಗುರುತು ಸಿಕ್ಕಿದ್ದು.

ಆ ಕೊಂಡಿಗೆ ತಮ್ಮ ಕಾಂತುವಿನ ತೊಟ್ಟಿಲಿತ್ತು. ಒಂದು ಮಧ್ಯಾಹ್ನ ಅವ್ವ ಅವನನ್ನು ಬಗಲಲ್ಲಿಟ್ಟುಕೊಂಡು ನೀರಿಗೆ ಹೋದಾಗ ಶೇವಂತೆವ್ವ ಖಾಲಿ ತೊಟ್ಟಿಲು ತೂಗಿ ಆಡಿದಳು. ಖಾಲಿ ತೊಟ್ಟಿಲು ತೂಗಿದರೆ ಕೂಸಿಗೆ ಕೇಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾಲ್ಕನೇ ದಿನ ಕಾಂತು ಜ್ವರದಲ್ಲಿ ತೀರಿಕೊಂಡ. ಆಮೇಲೆ ಗ್ಯಾಂಗಿನ ಹೆಂಗಸರೆಲ್ಲ ಹೇಳಿದರು. ಅವ್ವ ಬೈಯಲಿಲ್ಲ. ಆದರೆ ತಾನು ಸಾಯುವವರೆಗೂ ಯಾರ ಕೂಸನ್ನೂ ಮಗಳ ಕೈಗೆ ಕೊಡಲು ಬಿಡಲಿಲ್ಲ.

ಕಳೆದ ವರ್ಷ ಧರ್ಮರಾಜ ಅದೇ ಕೊಂಡಿಗೆ ಬಣ್ಣದ ತೊಟ್ಟಿಲೊಂದನ್ನು ಕಟ್ಟಿಸಿದ. ಫೋಟೋ ಚೆಂದ ಬರುತ್ತದೆಂದು.

"ಅದನ್ನ ತಗೀರಿ ಸಾವಕಾರ್ರ. ಗಾಳಿ ಬೀಸಿದ್ರ ತಾನ ತೂಗತೈತಿ."

"ತೂಗ್ಲಿ ಬಿಡ ಬೇ ಆಯಿ. ನಿನ್ನೇನ ಅದರಾಗ ಮಲಗಸ್ತೇನೇನು?"

ಹೆಸರಿಡುವ ದಿನ ಕೂಸಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸುತ್ತಾರಲ್ಲ, ಹಾಗೆ ಅವಳು ಮರುದಿನದಿಂದ ಒಂದು ಗುಂಡುಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಅದರಲ್ಲಿ ಇಡತೊಡಗಿದಳು. ತೊಟ್ಟಿಲು ಖಾಲಿ ಇರಬಾರದು, ಅಷ್ಟೇ.

ಶ್ರಾವಣದಲ್ಲಿ ಮುದ್ದೇಬಿಹಾಳದಿಂದ ಸುಜಾತಾ ಎಂಬ ಶಿಕ್ಷಕಿ ಎರಡು ದಿನ ಇರಲು ಬಂದಳು. ಜೊತೆಗೆ ಏಳು ವರ್ಷದ ಮಗಳು ಕಾವೇರಿ, ಐದು ತಿಂಗಳ ಗಂಡುಕೂಸು. ಮಧ್ಯಾಹ್ನ ಶೇವಂತೆವ್ವ ರೊಟ್ಟಿಯ ಬುಟ್ಟಿ ಹಿಡಿದು ಡಬ್ಬಿ ಹತ್ತಿದಳು. ಕೂಸು ತಾಯಿಯ ತೊಡೆಯ ಮೇಲಿತ್ತು. ಗುಂಡುಕಲ್ಲು ನೆಲದ ಮೇಲಿತ್ತು. ಕಾವೇರಿ ಖಾಲಿ ತೊಟ್ಟಿಲನ್ನು ಜೋರಾಗಿ ತೂಗುತ್ತಿದ್ದಳು. ಮೇಲೆ ಕೊಂಡಿ ಕಿರುಗುಟ್ಟುತ್ತಿತ್ತು. ಐವತ್ತು ವರ್ಷಗಳಿಂದ ನಿದ್ದೆಯಲ್ಲಿ ಕೇಳುತ್ತಿದ್ದ ಸದ್ದು.

ಬುಟ್ಟಿ ಕೈಜಾರಿತು. ಶೇವಂತೆವ್ವ ಓಡಿ ಹುಡುಗಿಯ ರಟ್ಟೆ ಹಿಡಿದಳು.

"ಯಾಕ ಆಯಿ, ಏನಾತು?" ಸುಜಾತಾ ಗಾಬರಿಯಾದಳು.

ಕಾವೇರಿ ತೊಟ್ಟಿಲನ್ನು ನೋಡಿದಳು, ತಮ್ಮನನ್ನು ನೋಡಿದಳು. "ತೂಗಿದ್ರ ಏನಾಗತೈತಿ ಆಯಿ?"

ಉತ್ತರ ಶೇವಂತೆವ್ವನ ನಾಲಿಗೆಯ ಮೇಲೇ ಇತ್ತು. ಹೇಳಿದರೆ ಈ ಹುಡುಗಿ ಅದನ್ನು ಎಷ್ಟು ವರ್ಷ ಹೊರಬೇಕೆಂಬುದೂ ಅವಳಿಗೆ ಗೊತ್ತಿತ್ತು.

"ಏನೂ ಆಗಂಗಿಲ್ಲವ್ವಾ. ಕೊಂಡಿ ಸಡ್ಲ ಐತಿ. ನಿನ್ನ ತಲಿ ಒಡದ್ರ ನಿಮ್ಮವ್ವ ನನ್ನ ತುರುಬ ಹಿಡದ ಜಗ್ಗತಾಳ."

ಹುಡುಗಿ ನಕ್ಕಳು.

ಅವರು ಇದ್ದ ಎರಡೂ ದಿನ ಶೇವಂತೆವ್ವ ಏನಾದರೊಂದು ನೆಪ ಮಾಡಿ ಡಬ್ಬಿಯ ಮೆಟ್ಟಿಲ ಮೇಲೇ ಕುಳಿತಳು. ಕೂಸು ಅತ್ತರೆ ಅವಳಿಗೆ ಜೀವ ಬರುತ್ತಿತ್ತು. ಸುಮ್ಮನಿದ್ದರೆ ಎದ್ದು ಇಣುಕುತ್ತಿದ್ದಳು. ಅವರು ಹೋದ ಮೇಲೆ ಊಟ ಸೇರಲಿಲ್ಲ. ತೊಟ್ಟಿಲು ತೂಗಿದ ನಾಲ್ಕನೇ ದಿನ ಬೆಳಿಗ್ಗೆ ಧರ್ಮರಾಜನ ಮುಂದೆ ಹೋಗಿ ನಿಂತಳು.

"ಮುದ್ದೇಬಿಹಾಳದ ಅಕ್ಕಾರಿಗೆ ಫೋನ ಹಚ್ಚರಿ."

"ಯಾಕ, ಏನರ ಮರತ ಹೋಗ್ಯಾರೇನು?"

"ಹಚ್ಚರಿ ಅಂದ್ನೆಲ್ಲ."

ಫೋನು ಎತ್ತಿದವಳು ಕಾವೇರಿ. ಶೇವಂತೆವ್ವ ಮೊದಲು ಕೂಸನ್ನು ವಿಚಾರಿಸಿದಳು. "ತಮ್ಮ ಆರಾಮ ಅದಾನ ಆಯಿ. ನಿನ್ನೆ ತಾನ ಹೊಳ್ಳಿ ಬೋರಲ ಬಿದ್ದ! ಅದಕ್ಕ ಅವ್ವ ಹೋಳಗಿ ಮಾಡ್ಯಾಳ."

ಶೇವಂತೆವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಧರ್ಮರಾಜ ಕೈ ಚಾಚಿದರೂ ಕೊಡಲಿಲ್ಲ.

"ನೀ, ನನ್ನವ್ವ?" ಎಂದಳು. "ನೀ ಹ್ಯಾಂಗ ಅದಿ? ಉಂಡೇನು? ನಿದ್ದಿ ಬರ್ತೈತೇನು?"