ನನ್ನ ರಬ್ಬರ್ ಮೀನಿನ ಈಜು

ಗೆಳೆಯರೇ, ಇವತ್ತು ಮುಂಜಾನೆ ಭೀಮಾ ನದಿ ದಂಡೆಯಲ್ಲಿ ಕೂತು, ದೊಡ್ಡ ಮೀನನ್ನು ಸೆಳೆಯಲು ಎರೆಯ ಬದಲು ಬಳಸುವ ರಬ್ಬರ್ ಮೀನಿಗೆ ಗಾಳ ಪೋಣಿಸಿದೆ. ಗಾಳ ನಟ್ಟನಡುವೆ ಹೋಗದಿದ್ದರೆ ಅದು ನೀರಲ್ಲಿ ಮಗ್ಗುಲಾಗಿ ಸತ್ತಂತೆ ಕಾಣುತ್ತದೆ. ಅದೇ ಚಿಂತೆಯಲ್ಲಿ ಮೂರು ಸಲ ಬಿಚ್ಚಿ ಹಾಕಿದೆ. ಮೀನು ತರುತ್ತೇನೆಂದು ಮನೆಯಲ್ಲಿ ಮಾತು ಕೊಟ್ಟು ಬಂದಿದ್ದೆ.

"ತಮ್ಮಾ, ಮೀನ ಹಿಡ್ಯಾಕ ಬಂದೀಯೋ, ಕುಬಸ ಹೊಲ್ಯಾಕ ಬಂದೀಯೋ?" ಎಂದ ಪಕ್ಕದಲ್ಲಿದ್ದ ಮಲ್ಲಪ್ಪ ಕಾಕಾ.

ನೀರಿಗೆ ಬಿಟ್ಟು ಮೆಲ್ಲಗೆ ಎಳೆದೆ. ಹಸಿರು ನೀರಲ್ಲಿ ಬಾಲ ಆಡಿಸುತ್ತ ನನ್ನ ಮೀನು ಕನಸಿನಲ್ಲಿ ಬಂದಂತೆ ಬಂತು. ಅದಕ್ಕೆ ನಾನೇ ಜೀವ ಕೊಟ್ಟೆನೇನೋ ಅನಿಸಿ ಮೈಮರೆತೆ. ಅಷ್ಟರಲ್ಲಿ ಹಿಂದಿನಿಂದ ದೊಡ್ಡ ಕೊರಮೀನೊಂದು ಬಾಯಿ ತೆರೆದು ಬಂತು. ಥಟ್ಟನೆ ನನ್ನ ಮೀನನ್ನು ದಡಕ್ಕೆ ಎಳೆದುಕೊಂಡುಬಿಟ್ಟೆ.

"ಯಾಕ ಎಳ್ದಿ?" ಎಂದ ಕಾಕಾ.

"ತಿಂದಬಿಡ್ತಿತ್ತಲ್ಲ ಕಾಕಾ."

ಕಾಕಾ ಬೀಡಿ ಹಚ್ಚಿದ. ನಾನು ಗಾಳ ಹಾಕಿದ ದಿನ ಭೀಮಾದ ಮೀನುಗಳು ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು.