ಟೇಪು ಮಾವನ ಎಡಗಾಲು

ಇನ್ನೊಬ್ಬರು ತೆಗೆದ ಅಳತೆಯನ್ನು ಟೇಪು ಮಾವ ಜನ್ಮದಲ್ಲಿ ನಂಬಿದವರಲ್ಲ. ಗಿರಾಕಿ ತನ್ನ ಸೊಂಟದ ಸುತ್ತಳತೆಯನ್ನು ತಾನೇ ಹೇಳಿದರೆ ಹೌದಾ ಎಂದು ನಕ್ಕು, ಕುತ್ತಿಗೆಗೆ ಸದಾ ನೇತುಬಿದ್ದಿರುತ್ತಿದ್ದ ಟೇಪನ್ನು ಎಳೆದು ಮತ್ತೆ ಅಳೆಯುತ್ತಿದ್ದರು. ಹೊಟ್ಟೆ ಒಳಗೆಳೆದುಕೊಂಡು ನಿಂತವರನ್ನು ಮಾತಿಗೆಳೆದು, ಉಸಿರು ಬಿಟ್ಟ ಕೂಡಲೇ ಹಿಡಿಯುತ್ತಿದ್ದರು. ದರ್ಜಿಗೆ ಇಷ್ಟು ಅನುಮಾನ ಇರಬೇಕಾದ್ದೇ. ಆದರೆ ಮಾವ ಅದನ್ನು ಅಂಗಡಿಯಲ್ಲಿ ಬಿಟ್ಟು ಮನೆಗೆ ಬರುತ್ತಿರಲಿಲ್ಲ. ಅದರ ಕಾಟವನ್ನೆಲ್ಲ ಅನುಭವಿಸಿದವರು ಅವರ ಹೆಂಡತಿ, ಇಡೀ ಬೀದಿಗೆ ಅತ್ತೆ.

ಕಾಲಲ್ಲಿ ತುಳಿಯುವ ಮಷೀನಿನ ಮುಂದೆ ಆಯುಷ್ಯ ಕಳೆದು ಮಾವನ ಎಡಮಂಡಿ ಸವೆದುಹೋಗಿತ್ತು. ಮೋಟಾರು ಹಾಕಿಸಿಕೊಳ್ಳಿ ಎಂದವರಿಗೆ, ಆಮೇಲೆ ಬಟ್ಟೆ ಮೋಟಾರಿನ ಮಾತು ಕೇಳುತ್ತದೆಯೇ ಹೊರತು ನನ್ನ ಮಾತು ಕೇಳುವುದಿಲ್ಲ ಎಂದುಬಿಡುತ್ತಿದ್ದರು. ಊರಿನ ಆಸ್ಪತ್ರೆಯಲ್ಲಿ ಸರದಿ ಬರುವ ಲಕ್ಷಣ ಕಾಣಲಿಲ್ಲ. ಕೊನೆಗೆ ಪರದೇಶದಲ್ಲಿ ಅಡುಗೆ ಕೆಲಸಕ್ಕಿದ್ದ ಬಾಮೈದ ಇಬ್ಬರನ್ನೂ ಅಲ್ಲಿಗೇ ಕರೆಸಿಕೊಂಡು, ಭಾವನ ಮಂಡಿ ಬದಲು ಮಾಡಿಸಿ ಕಳಿಸಿದ.

ಬಾಮೈದ ಮಾಡಿಸಿದ್ದು ಎಂಬುದೇ ಮಾವನ ಮೊದಲ ಅನುಮಾನ. ಎರಡನೆಯದು ಅಲ್ಲಿನ ಆಸ್ಪತ್ರೆಯ ದುಭಾಷಿ ಹೆಂಗಸಿನ ಮೇಲೆ. ಡಾಕ್ಟರು ಕೈ ತಿರುಗಿಸಿ ತಿರುಗಿಸಿ ಇಷ್ಟುದ್ದ ಮಾತಾಡಿದರೆ, ಆಕೆ ಎಲ್ಲ ಚೆನ್ನಾಗಿದೆಯಂತೆ ಎಂದು ಒಂದೇ ಉಸಿರಿಗೆ ಮುಗಿಸುತ್ತಿದ್ದಳು. ಉಳಿದ ಮಾತೆಲ್ಲ ಎಲ್ಲಿ ಹೋಯಿತು ಎಂದು ಮಾವ ವಿಮಾನದಲ್ಲಿ ಅತ್ತೆಗೆ ನಿದ್ದೆ ಮಾಡಗೊಡಲಿಲ್ಲ.

ಮನೆಗೆ ಬಂದು, ಊತ ಇಳಿದ ಮೇಲೆ, ಹಳೆಯ ಬೂದು ಪ್ಯಾಂಟು ತೊಟ್ಟು ವಾಕರ್ ಹಿಡಿದು ಕನ್ನಡಿಯ ಮುಂದೆ ನಿಂತರು. ಸಾಕ್ಷಿ ಕಣ್ಣೆದುರೇ ಇತ್ತು. ಬಲಗಾಲಿನ ಅಂಚು ಪಾದದ ಮೇಲೆ ಒಪ್ಪವಾಗಿ ಕೂತಿತ್ತು. ಎಡಗಾಲಿನದು ಎರಡು ಬೆರಳು ಮೇಲೆ ನಿಂತಿತ್ತು. ಇನ್ನೊಂದು ಪ್ಯಾಂಟು ಹಾಕಿದರು, ಅದರಲ್ಲೂ ಅದೇ ಕಥೆ. ಎಲ್ಲ ತಾವೇ ಕತ್ತರಿಸಿ ಹೊಲಿದು, ಅಂಚು ಮಾತ್ರ ಎಂದಿನಂತೆ ಅತ್ತೆಯ ಕೈಯಲ್ಲಿ ಮಡಚಿಸಿದವು. ಅವು ಸುಳ್ಳು ಹೇಳುವ ಪ್ರಶ್ನೆಯೇ ಇರಲಿಲ್ಲ.

"ಉದ್ದದ ಮಂಡಿ ಹಾಕಿದಾರೆ ಕಣೇ. ಇನ್ಯಾರಿಗೋ ಇಟ್ಟಿದ್ದನ್ನ ನಂಗೆ ತುರುಕಿದಾರೆ."

ಅತ್ತೆ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದರು. ಅದೂ ಮಾವನ ಕಣ್ಣಿಗೆ ತಪ್ಪಲಿಲ್ಲ. ಅಕ್ಕ ತಮ್ಮ ಸೇರಿ ಏನೋ ಮುಚ್ಚಿಡುತ್ತಿದ್ದಾರೆ ಎಂದು ಅವತ್ತೇ ತೀರ್ಮಾನಿಸಿಬಿಟ್ಟರು.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಮೇಡಂ ಎರಡೂ ಕಾಲು ಅಳೆದು, ಸಮ ಇದೆ ಎಂದರು. ಮಾವ ಅವರ ಟೇಪನ್ನೇ ಬೆರಳಲ್ಲಿ ಜಗ್ಗಿ ನೋಡಿ, ಇದು ಹಿಗ್ಗಿದೆ ಎಂದು ತೀರ್ಪು ಕೊಟ್ಟರು. ತಪ್ಪು ಅಳತೆಯ ಮಂಡಿಯನ್ನು ಬಲವಂತವಾಗಿ ಮಡಚಿದರೆ ಮುರಿದುಹೋಗುತ್ತದೆ, ಆ ಡಾಕ್ಟರು ಜವಾಬು ಕೊಡುವ ತನಕ ಮಡಚುವುದಿಲ್ಲ ಎಂದು ಕಾಲು ಚಾಚಿ ಕೂತರು. ಯಾರು ಎಷ್ಟು ಹೇಳಿದರೂ ಜಪ್ಪಯ್ಯ ಅನ್ನಲಿಲ್ಲ.

ಒಂದು ಮಧ್ಯಾಹ್ನ ಮೇಡಂ ಬಾಗಿಲ ಹೊರಗೆ ಅತ್ತೆಗೆ ತಗ್ಗಿದ ದನಿಯಲ್ಲಿ ಹೇಳಿದ್ದು ಮಾವನ ಕಿವಿಗೂ ಬಿತ್ತು. ಈ ವಾರ ದಾಟಿದರೆ ಮಂಡಿ ಹೀಗೇ ಬಿಗಿದು ಕೂರುತ್ತದೆ, ಮಷೀನು ತುಳಿಯುವ ಆಸೆ ಬಿಡಬೇಕು. ಹೆದರಿಸುವುದಕ್ಕೆ ಆಡುವ ನಾಟಕ ಎಂದುಕೊಂಡರೂ ಮಾವ ಎಡಪಾದವನ್ನು ಗಾಳಿಯಲ್ಲೇ ಒಮ್ಮೆ ತುಳಿದು ನೋಡಿದರು. ಮಷೀನು ಬಿಟ್ಟು ಬದುಕುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ.

ಅತ್ತೆ ಒಳಗೆ ಬಂದವರೇ ಬೂದು ಪ್ಯಾಂಟನ್ನೂ ಸಣ್ಣ ಕತ್ತರಿಯನ್ನೂ ತಂದು ಮಂಚದ ಎದುರು ಸ್ಟೂಲಿನ ಮೇಲೆ ಕೂತರು. ಎಡಗಾಲಿನ ಅಂಚಿನ ಹೊಲಿಗೆ ಬಿಚ್ಚಿದರು. ಒಳಗಿನಿಂದ ಬಣ್ಣ ಮಾಸದ ಬಟ್ಟೆ ಇಳಿಯಿತು, ಅದರ ಮೇಲೆ ಹಳೆಯ ಮಡಿಕೆಯ ಗೆರೆಗಳು ಒಂದರ ಮೇಲೊಂದು.

"ಮಡಚಿದ್ದು ನಾನೇ. ನಿಮ್ಮ ಕಾಲು ಬಾಗ್ತಾ ಬಂತು, ಪ್ಯಾಂಟು ನೆಲ ಗುಡಿಸೋಕೆ ಶುರುವಾಯ್ತು. ಅದು ನಿಮ್ಗೆ ಗೊತ್ತಾಗಿದ್ರೆ ಕೈಚೆಲ್ಲಿ ಕೂತ್ಬಿಡ್ತಿದ್ರಿ. ಅದಕ್ಕೇ ಒಗೆದಾಗೆಲ್ಲ ಒಂದಿಷ್ಟು ಮೇಲೆ ಮಡಚ್ತಾ ಬಂದೆ. ಈಗ ಕಾಲು ನೆಟ್ಟಗಾಗಿದೆ, ಅಷ್ಟೇ."

ಮಾವ ಗೆರೆಗಳ ಮೇಲೆ ಬೆರಳಾಡಿಸಿದರು. ಊರಿನವರ ಕಾಲೆಲ್ಲ ಅಳೆದವರು ತಮ್ಮ ಕಾಲಿಗೆ ಒಮ್ಮೆಯೂ ಟೇಪು ಹಿಡಿದಿರಲಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಇನ್ನೂ ಏನೇನು ಮುಚ್ಚಿಟ್ಟಿದೀಯ?"

"ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ನೋವಿಗೆ ಅಳ್ತಿದ್ರಲ್ಲ, ಅದು ನಂಗೆ ಕೇಳಿಸ್ತಿತ್ತು. ಅದೊಂದು."

ಮಾವ ಮಂಚದ ತುದಿಗೆ ಸರಿದು ಎಡಗಾಲು ಇಳಿಬಿಟ್ಟರು. ಅತ್ತೆಯ ಕೈಯಿಂದ ಪ್ಯಾಂಟು ತೆಗೆದು ಪಕ್ಕಕ್ಕಿಟ್ಟು, ಆ ಕೈಯನ್ನು ತಮ್ಮ ಕಣಕಾಲಿನ ಮೇಲೆ ಇಟ್ಟುಕೊಂಡರು.

"ಒತ್ತು," ಎಂದರು. "ಸಾಕು ಅಂತ ನಾನು ಕೂಗಿದ್ರೂ ನಂಬಬೇಡ."