ಬೆಂಕಿ ಲೈನಿನ ಹೆಂಗಸರಿಗೆ ಹೊಲಿದ ಪ್ಯಾಂಟು

ನಾನು ಹೊಲಿಗೆ ಕಲಿತದ್ದು ಮದುವೆಯಾಗಿ ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು ಕಡೆಯ ಈ ಕಾಡಂಚಿನ ಊರಿಗೆ ಬಂದ ಮೇಲೆ. ರವಿಕೆ, ಲಂಗ, ಸ್ಕೂಲು ಮಕ್ಕಳ ಯೂನಿಫಾರಂ, ಸೀರೆಗೆ ಫಾಲ್ಸು, ಇಷ್ಟರಲ್ಲೇ ಹತ್ತು ವರ್ಷ ಕಳೆದಿತ್ತು. ಊರಿನ ಹೆಂಗಸರಿಗೆ ಪ್ಯಾಂಟು ಹೊಲಿಯುತ್ತೀಯ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನನ್ನ ನಾದಿನಿ ನನ್ನ ಓರಗೆಯವಳು, ಪಕ್ಕದ ಮನೆಯಲ್ಲೇ ಇದ್ದಾಳೆ. ವರ್ಷವೂ ಸಂಕ್ರಾಂತಿಯ ಹೊತ್ತಿಗೆ ಬೆಂಕಿ ಲೈನಿನ ಕೆಲಸಕ್ಕೆ ಹೋಗುವವಳು. ಬೇಸಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದರೆ ದಾಟಿ ಬರದ ಹಾಗೆ ಪೊದೆ ಸವರಿ, ಹುಲ್ಲು ಕೊಯ್ದು, ತರಗೆಲೆ ಗುಡಿಸಿ ಅಗಲವಾದ ಪಟ್ಟಿ ಬಿಡಿಸುವ ಕೆಲಸ ಅದು. ನಮ್ಮೂರಿನಿಂದ ಹದಿನಾಲ್ಕು ಜನ ಹೆಂಗಸರು ಹೋಗುತ್ತಿದ್ದರು. ಮೊಣಕಾಲಿನ ತನಕ ಎತ್ತಿ ಕಟ್ಟಿದ ಸೀರೆ, ಮೇಲೊಂದು ಗಂಡನ ಹಳೇ ಶರಟು. ಅವರಲ್ಲೇ ಅರವತ್ತು ದಾಟಿದ ಒಬ್ಬ ಮೇಸ್ತ್ರಿಯಮ್ಮ ಅವರಿಗೆಲ್ಲ ಮುಂದಾಳು.

ಆ ವರ್ಷ ಕೆಲಸ ಶುರುವಾಗಿ ಮೂರನೇ ವಾರದಲ್ಲಿ ನಾದಿನಿಗೆ ಇದ್ದಕ್ಕಿದ್ದಂತೆ ಜ್ವರ ಬಂತು. ತಲೆ ಒಡೆದುಹೋಗುವಂಥ ನೋವು, ಕೆಂಪಗಾದ ಕಣ್ಣು. ಗುಂಡ್ಲುಪೇಟೆಗೆ ಕರೆದುಕೊಂಡು ಹೋದೆವು, ಅಲ್ಲಿಂದ ಚಾಮರಾಜನಗರಕ್ಕೆ ಕಳಿಸಿದರು. ಡಾಕ್ಟರಮ್ಮ ಮೊದಲು ಕೇಳಿದ್ದೇ ಉಣ್ಣೆಹುಳ ಕಚ್ಚಿತ್ತೇ ಎಂದು. ದನ ಕಟ್ಟಿದ ಮನೆಯವರಿಗೆ ಉಣ್ಣೆ ಏನು ಹೊಸತೇ ಎಂದು ನಾನೇ ಉತ್ತರ ಕೊಟ್ಟೆ. ಅವರು ನಗಲಿಲ್ಲ. ಕಾಡಿನಲ್ಲಿ ಮಂಗ ಸತ್ತದ್ದು ನೋಡಿದ್ದೀರಾ ಎಂದು ಕೇಳಿದರು. ಹಳ್ಳದ ದಂಡೆಯಲ್ಲಿ ಎರಡು ಮಂಗ ಸತ್ತು ಬಿದ್ದಿದ್ದನ್ನು ಕೆಲಸದ ಹೆಂಗಸರೆಲ್ಲ ನೋಡಿದ್ದರಂತೆ, ಯಾರೂ ಯಾರಿಗೂ ಹೇಳಿರಲಿಲ್ಲ. ರಕ್ತಪರೀಕ್ಷೆಯಲ್ಲಿ ಮಂಗನ ಕಾಯಿಲೆ ಎಂದೇ ಬಂತು.

ಎರಡು ವಾರ ಅವಳ ಮಂಚದ ಪಕ್ಕ ಕೂತಿದ್ದೆ. ಜ್ವರ ಇಳಿದು ಅವಳು ಗಂಜಿ ಕುಡಿದ ದಿನ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಎಲ್ಲವನ್ನೂ ಬಿಡಿಸಿ ಹೇಳಿದರು. ಈ ಕಾಯಿಲೆಗೆ ನೇರವಾದ ಔಷಧಿ ಇಲ್ಲ, ಉಣ್ಣೆ ಕಚ್ಚದ ಹಾಗೆ ನೋಡಿಕೊಳ್ಳುವುದೇ ದಾರಿ. ಮೈತುಂಬ ತಿಳಿಬಣ್ಣದ ಬಟ್ಟೆ ಹಾಕಬೇಕು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಬೇಕು, ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಬೇಕು. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ ಕಂಕುಳು, ಸೊಂಟ, ಮೊಣಕಾಲಿನ ಹಿಂದೆ ಹುಡುಕಬೇಕು. ಕಚ್ಚಿಕೊಂಡಿದ್ದರೆ ಬೀಡಿಯಲ್ಲಿ ಸುಡಬಾರದು, ಸೀಮೆಎಣ್ಣೆ ಬಿಡಬಾರದು, ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೆಟ್ಟಗೆ ಎಳೆಯಬೇಕು.

ಉಳಿದದ್ದೆಲ್ಲ ಆಗುವ ಮಾತು. ಪ್ಯಾಂಟು ಮಾತ್ರ ನಮ್ಮ ಹೆಂಗಸರು ಹಾಕುವುದುಂಟೆ? ಬಸ್ಸಿನಲ್ಲಿ ವಾಪಸು ಬರುವಾಗ ನಾದಿನಿ ನನ್ನ ಹೆಗಲಿಗೆ ಒರಗಿ ಹೇಳಿದಳು: "ನೀನು ಒಲ್ದುಕೊಟ್ರೆ ನಾನಾಕೊತೀನಿ ಕಣಕ್ಕ. ಇನ್ನೊಂದ್ಸಲ ಆ ತಲೆನೋವು ತಡೆಯಕಾಗಲ್ಲ."

ಮುಂದಿನ ವರ್ಷದ ಕೆಲಸಕ್ಕೆ ಮೊದಲು ಚಾಮರಾಜನಗರಕ್ಕೆ ಹೋಗಿ ಕೆನೆಬಣ್ಣದ ಗಟ್ಟಿ ಕಾಟನ್ ತಂದೆ. ಮೊದಲನೇ ಪ್ಯಾಂಟು ಕೆಟ್ಟೇಹೋಯಿತು. ಅವಳು ಕುಕ್ಕರುಗಾಲಲ್ಲಿ ಕೂತ ಕೂಡಲೇ ಹಿಂದೆ ಪರ್ರೆಂದು ಹರಿಯಿತು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗಂಡಸರ ಅಳತೆಯ ಪುಸ್ತಕ ನೋಡಿ ಹೊಲಿದರೆ ಆಗುವುದಿಲ್ಲವೆಂದು ಗೊತ್ತಾಗಿ, ಕೆಲಸ ಶುರುವಾದ ದಿನ ನಾನೂ ಅವರ ಜೊತೆ ಕಾಡಿಗೆ ಹೋದೆ. ಬಗ್ಗುವುದು, ಕೂರುವುದು, ಹುಲ್ಲಿನ ಮೇಲೆ ಮೊಣಕಾಲೂರುವುದು ಎಲ್ಲ ನೋಡಿದೆ. ಬಗ್ಗಿದಾಗ ಶರಟು ಮೇಲೇರಿ ಸೊಂಟದ ಬಳಿ ನಾಲ್ಕು ಬೆರಳು ಮೈ ಕಾಣುತ್ತಿತ್ತು. ನಾದಿನಿಗೆ ಉಣ್ಣೆ ಕಚ್ಚಿದ್ದ ಕಲೆ ಇದ್ದದ್ದೂ ಅಲ್ಲೇ.

ಎರಡನೆಯದನ್ನು ಅದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಹೊಲಿದೆ. ತೊಡೆಯ ಸಂದಿಗೆ ಒಂದು ಅಗಲವಾದ ಪಟ್ಟಿ ಸೇರಿಸಿದೆ, ಪಾದದ ಹತ್ತಿರ ಎಲಾಸ್ಟಿಕ್ಕು, ಮೇಲೆ ತುಂಬುತೋಳಿನ ಉದ್ದ ಅಂಗಿ. ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ ಲಾಡಿ ಕಟ್ಟಿದರೆ ಎಷ್ಟು ಬಗ್ಗಿದರೂ ಮೈ ಕಾಣದು.

ನಾದಿನಿ ಅದನ್ನು ಹಾಕಿಕೊಂಡು ಹೊರಟ ದಿನ ಮೇಸ್ತ್ರಿಯಮ್ಮ ದಾರಿಯಲ್ಲೇ ನಿಂತು ನೋಡಿದರಂತೆ. ಸಂಜೆ ನನ್ನ ಬಾಗಿಲಿಗೇ ಬಂದು, ನಮ್ಮ ಮಾನ ಕಳೆಯುತ್ತೀಯ, ಇದನ್ನು ಹಾಕಿಕೊಂಡು ಬರುವವಳು ನನ್ನ ಗುಂಪಿನಲ್ಲಿ ಬೇಡ ಎಂದರು. ನಾದಿನಿ ಮಾತ್ರ ಆ ಮಾತಿಗೆ ಬಗ್ಗದೆ ಮಾರನೇ ದಿನವೂ ಅದನ್ನೇ ಹಾಕಿಕೊಂಡು ಹೋದಳು. ಗೊಣಗಿದರೂ ಮೇಸ್ತ್ರಿಯಮ್ಮ ಅವಳನ್ನು ವಾಪಸು ಕಳಿಸಲಿಲ್ಲವಂತೆ.

ನಾಲ್ಕನೇ ದಿನವೋ ಐದನೇ ದಿನವೋ, ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ನಾದಿನಿಯ ಕೆನೆಬಣ್ಣದ ಕಾಲಿನ ಮೇಲೆ ಎಳ್ಳಿನಷ್ಟು ಸಣ್ಣ ಉಣ್ಣೆಗಳು ಹತ್ತುತ್ತಿದ್ದುದು ಎಲ್ಲರಿಗೂ ಕಂಡಿತು. ಅವಳು ಅಂಟುಪಟ್ಟಿಯಿಂದ ಒಂದೊಂದನ್ನೇ ಅಂಟಿಸಿ ತೆಗೆದಳಂತೆ. ಆಗ ಮೇಸ್ತ್ರಿಯಮ್ಮನಿಗೂ ಅನುಮಾನ ಬಂತು. ಅವರ ಕಡುನೀಲಿ ಸೀರೆಯಲ್ಲಿ ಏನೂ ಕಾಣಿಸಲಿಲ್ಲ. ಮನೆಗೆ ಬಂದು ಸೊಸೆಯ ಕೈಲಿ ನೋಡಿಸಿದರೆ ಸೊಂಟದ ಸುತ್ತ ಮೂರು ಕಚ್ಚಿಕೊಂಡಿದ್ದವು.

ದೀಪ ಹಚ್ಚುವ ಹೊತ್ತಿಗೆ ಅವರು ಮತ್ತೆ ನನ್ನ ಬಾಗಿಲಿಗೆ ಬಂದರು. ಮಿಷನ್ನಿನ ಮುಂದೆ ನಿಂತು ಎರಡೂ ಕೈ ಅಗಲಿಸಿದರು. "ಅಳತೆ ತಗೊ ಕಣಮ್ಮಿ. ಸೊಂಟ ಒಸಿ ದೊಡ್ಡದು, ಬಟ್ಟೆ ಜಾಸ್ತಿ ಆಕು."

ಅವರ ಹಿಂದೆಯೇ ಉಳಿದವರೂ ಅಳತೆ ಕೊಡಲು ಬಂದರು, ಹನ್ನೊಂದು ದಿನ ನನ್ನ ಮಿಷನ್ನು ನಿಲ್ಲಲಿಲ್ಲ. ಸ್ಕೂಲು ಯೂನಿಫಾರಂಗಳನ್ನು ಬದಿಗಿಟ್ಟೆ, ಮನೆಯವರು ಅಡುಗೆ ಮಾಡಿದರು. ಕಾಡಿಗೆ ಹೋಗುವ ಮುಂಚೆ ಎಲ್ಲರೂ ಕೈಕಾಲಿಗೆ ಎಣ್ಣೆ ಹಚ್ಚುವುದು, ಸಂಜೆ ಒಬ್ಬರ ಬೆನ್ನು ಒಬ್ಬರು ನೋಡುವುದು ಮೇಸ್ತ್ರಿಯಮ್ಮನ ಅಪ್ಪಣೆಯಾಯಿತು. ಮಂಗ ಸತ್ತದ್ದು ಕಂಡರೆ ಮುಟ್ಟದೆ ಫಾರೆಸ್ಟ್ ಗಾರ್ಡಿಗೆ ಫೋನು ಮಾಡುವುದೂ ಅವರದೇ ಕಾನೂನು. ಆ ವರ್ಷ ಹದಿನಾಲ್ಕು ಜನರಲ್ಲಿ ಒಬ್ಬರಿಗೂ ಜ್ವರ ಬರಲಿಲ್ಲ. ಬರೀ ನನ್ನ ಪ್ಯಾಂಟಿನಿಂದಲೇ ಎಂದು ಹೇಳಲಾರೆ. ಆದರೂ ಎದೆ ತುಂಬಿತು.

ಕೆಲಸ ಮುಗಿದ ದಿನ ನಾನು ರಸ್ತೆಬದಿಯ ಟೀ ಅಂಗಡಿಯ ಹತ್ತಿರ ಕಾದು ನಿಂತಿದ್ದೆ. ಬರುವಾಗ ಎಲ್ಲರೂ ಪ್ಯಾಂಟಿನ ಮೇಲೊಂದು ಸೀರೆ ಸುತ್ತಿಕೊಳ್ಳುತ್ತಾರೆಂದುಕೊಂಡಿದ್ದೆ. ಸುತ್ತಿರಲಿಲ್ಲ. ಹದಿನಾಲ್ಕೂ ಜನ ಕತ್ತಿ ಹಿಡಿದು ಸಾಲಾಗಿ ನಡೆದು ಬಂದರು. ಕೇರಳದ ಕಡೆ ಹೋಗುತ್ತಿದ್ದ ಬಸ್ಸೊಂದು ನಿಧಾನಿಸಿ, ಕಿಟಕಿಗಳಿಂದ ತಲೆಗಳು ಹೊರಬಂದವು. ಒಬ್ಬಾಕೆ ಸಂಕೋಚದಿಂದ ಹಿಂದೆ ಸರಿದಳು.

"ನೋಡ್ಲಿ ಬುಡು" ಎಂದರು ಮೇಸ್ತ್ರಿಯಮ್ಮ. ಟೀ ಅಂಗಡಿಯಲ್ಲಿ ಗಂಡಸರು ಕೂರುವ ಬೆಂಚಿನ ಮೇಲೆ ಕಾಲಮೇಲೆ ಕಾಲು ಹಾಕಿ ಕೂತು ಹದಿನೈದು ಟೀ ಹೇಳಿದರು. ಒಂದು ನನಗೆ.